ಹಳೆಯ ಬ್ಲಾಕೋ, ಪೆಟ್ಟಿಗೆಯ ಎಂಜಿನ್ನೋ: ನರಗುಂದ, ರೋಣ, ಗಜೇಂದ್ರಗಡದ ಗ್ಯಾರೇಜುಗಳಲ್ಲಿ ಒಂದು ಸುತ್ತು

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52 ನರಗುಂದದ ಗುಡ್ಡದ ಮಗ್ಗುಲಲ್ಲಿ ಹಾಯುತ್ತದೆ. 1858ರಲ್ಲಿ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಎದ್ದು ನಿಂತ ಊರು ಇದು. 1980ರ ಜುಲೈನಲ್ಲಿ ನೀರಿನ ಕರದ ವಿರುದ್ಧ ರೈತರು ಬೀದಿಗಿಳಿದು, ಗೋಲಿಬಾರಿನಲ್ಲಿ ಜೀವ ಕೊಟ್ಟ ನೆಲವೂ ಇದೇ. ಗುಡ್ಡ ಕಣ್ಣಿಗೆ ಬಿದ್ದರೆ ಈ ಕಥೆಗಳು ನೆನಪಾಗುತ್ತವೆ. ಹೆದ್ದಾರಿ ಬದಿಯ ಗ್ಯಾರೇಜುಗಳ ಮುಂದೆ ನಿಂತರೆ ಇನ್ನೊಂದು ಕಥೆ ಕಾಣುತ್ತದೆ. ಬಾನೆಟ್ ತೆರೆದ ಕ್ರೂಸರ್, ಜ್ಯಾಕ್ ಮೇಲೆ ನಿಂತ ಬೊಲೆರೊ, ಮುಂದಿನ ಭಾಗ ಬೇರೆ ಮಾಡಿಟ್ಟ ಟ್ರ್ಯಾಕ್ಟರ್, ಹಿಂಬದಿಯಲ್ಲಿ ಹತ್ತಿಯ ಎಳೆ ಇನ್ನೂ ಅಂಟಿಕೊಂಡಿರುವ ಟಾಟಾ ಏಸ್. ನಂಬರ್ ಪ್ಲೇಟುಗಳಲ್ಲಿ ಗದಗದ ಕೆಎ-26 ಹೆಚ್ಚು. ಧಾರವಾಡದ ಕೆಎ-25, ಬೈಲಹೊಂಗಲದ ಕೆಎ-24, ಬಾಗಲಕೋಟೆಯ ಕೆಎ-29 ನಡುನಡುವೆ ಇರುತ್ತವೆ. ಮೂರು ಜಿಲ್ಲೆಗಳ ಅಂಚಿಗೆ ತಾಗಿದ ತಾಲೂಕು ಎಂಬುದನ್ನು ಆ ಪ್ಲೇಟುಗಳೇ ಹೇಳುತ್ತವೆ.

ಈ ಗ್ಯಾರೇಜುಗಳಲ್ಲಿ ಗಾಡಿಯ ಮಾಲೀಕ ಕೇಳಲು ಅಂಜುವ ಮಾತು ಒಂದಿದೆ: "ಎಂಜಿನ್ ಕೆಲಸಕ್ಕ ಬಂದೈತ್ರಿ." ಬಾಡಿಗೆ ಗಾಡಿಯವನಿಗೆ ಅದು ತಿಂಗಳುಗಳ ದುಡಿಮೆಯ ಪ್ರಶ್ನೆ, ರೈತನಿಗೆ ಒಂದು ಬೆಳೆಯ ರೊಕ್ಕದ ಪ್ರಶ್ನೆ. ಆ ಮಾತಿನ ಬೆನ್ನಿಗೇ ಆಯ್ಕೆಯೂ ಬರುತ್ತದೆ. ಇದ್ದ ಎಂಜಿನ್ ಬಿಚ್ಚಿ, ಬೋರ್ ಮಾಡಿಸಿ, ತನ್ನ ಗಾಡಿಗೆ ತಕ್ಕಂತೆ ಮತ್ತೆ ಕಟ್ಟಿಸುವುದೋ? ಇಲ್ಲಾ, ಎಲ್ಲಾ ಜೋಡಿಸಿ ಸಿದ್ಧವಾಗಿ ಬರುವ ಎಂಜಿನ್ ತಂದು ಕೂಡಿಸುವುದೋ? ನರಗುಂದ, ರೋಣ, ಗಜೇಂದ್ರಗಡ ಈ ಮೂರೂರಿನ ದಾರಿಯಲ್ಲಿ ಈ ಪ್ರಶ್ನೆಯನ್ನೇ ಹಿಡಿದುಕೊಂಡು ಗ್ಯಾರೇಜು, ಲೇಥ್ ಅಂಗಡಿ, ಬಸ್ ಡಿಪೊಗಳ ಕಡೆ ನೋಡುತ್ತಾ ಹೋದರೆ ಉತ್ತರ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನರಗುಂದ: ಹೊಗೆ ಓದುವವರು

ಅನುಭವಿ ಮಿಸ್ತ್ರಿ ಮೊದಲು ಪಾನಾ ಹಿಡಿಯುವುದಿಲ್ಲ. ಎಂಜಿನ್ ಚಾಲೂ ಮಾಡಿಸಿ ಸೈಲೆನ್ಸರ್ ಹಿಂದೆ ಹೋಗಿ ನಿಲ್ಲುತ್ತಾನೆ. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಕ್ಲೀನರ್ ಕಟ್ಟಿರಬಹುದು, ನಾಜಲ್ ಸೋರುತ್ತಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ರಿಂಗ್ ಇಲ್ಲವೇ ವಾಲ್ವ್ ಗೈಡ್ ಸವೆದಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ. ಆಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡುತ್ತಾನೆ. ಅಲ್ಲಿಂದ ಹೊಗೆ ಬುಸುಬುಸು ಎಂದು ಹೊರಬಂದರೆ "ಬ್ಯಾಕ್ ಕಂಪ್ರೆಷನ್ ಐತಿ" ಎನ್ನುತ್ತಾನೆ. ಸಿಲಿಂಡರಿನೊಳಗೆ ಉರಿದ ಅನಿಲ ರಿಂಗುಗಳನ್ನು ದಾಟಿ ಕೆಳಗಿನ ಚೇಂಬರಿಗೆ ಇಳಿಯುತ್ತಿದೆ ಎಂದು ಅರ್ಥ.

ಇಷ್ಟಕ್ಕೇ ಎಂಜಿನ್ ಇಳಿಸಬೇಕೆಂದು ಹೇಳುವವರ ಬಗ್ಗೆ ಎಚ್ಚರ ಇರಲಿ. ಕಂಪ್ರೆಷನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ಅಳೆದರೆ ಕಾಯಿಲೆ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಒಂದೇ ಸಿಲಿಂಡರ್ ಬಿದ್ದಿದ್ದರೆ ವಾಲ್ವ್ ಸುಟ್ಟಿರಬಹುದು, ಹೆಡ್ ಕೆಲಸದಲ್ಲೇ ಮುಗಿಯುತ್ತದೆ. ನಾಲ್ಕೂ ಒಂದೇ ಸಮ ಬಿದ್ದಿದ್ದರೆ ಸವಕಳಿ ಕೆಳಗಿದೆ. ಪೆಟ್ರೋಲ್ ಗಾಡಿಯಾದರೆ ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯುವ ಹಳೆಯ ಉಪಾಯವೂ ಇದೆ. ಒತ್ತಡ ಏರಿದರೆ ತಪ್ಪು ರಿಂಗಿನದು, ಏರದಿದ್ದರೆ ವಾಲ್ವಿನದು. ಕೆಲವೇ ನಿಮಿಷದ ಈ ಪರೀಕ್ಷೆ ಮಾಡಿಸದೆ ಪೂರ್ತಿ ಎಂಜಿನ್ ಬದಲಿಸಿದ ಮನೆಗಳು ಈ ಭಾಗದಲ್ಲಿ ಎಷ್ಟಿಲ್ಲ!

ಗ್ಯಾರೇಜಿನಲ್ಲಿ ನಿಂತ ಗಾಡಿಗಳ ಎಂಜಿನ್ನುಗಳಿಗೂ ಒಂದು ವಂಶಾವಳಿ ಇದೆ. ಹಳ್ಳಿಯಿಂದ ಸಂತೆಗೆ, ಮದುವೆಗೆ, ಯಲ್ಲಮ್ಮನ ಗುಡ್ಡಕ್ಕೆ ಜನರನ್ನು ಹೊತ್ತೊಯ್ದ ಹಳೆಯ ಟ್ರ್ಯಾಕ್ಸ್ ಗಾಡಿಗಳ ಎಂಜಿನ್ ಜರ್ಮನಿಯ ಮರ್ಸಿಡಿಸ್ ಮನೆತನದ ಓಎಂ616. 1973ರಲ್ಲಿ ಮರ್ಸಿಡಿಸ್ 240ಡಿ ಕಾರಿಗಾಗಿ ಬಂದ ಈ ಡೀಸೆಲ್ ಎಂಜಿನ್ನನ್ನು ಬಜಾಜ್ ಟೆಂಪೊ ಪರವಾನಗಿ ಪಡೆದು ಇಲ್ಲೇ ತಯಾರಿಸಿತು. ಆ ಕಂಪನಿಯೇ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಮಹೀಂದ್ರದ ಹಳೆಯ ಜೀಪುಗಳಲ್ಲಿ ಫ್ರಾನ್ಸಿನ ಪ್ಯೂಜೋ ಮೂಲದ 2112 ಸಿಸಿ ಎಂಜಿನ್ ಇತ್ತು, ಬೊಲೆರೊಗೆ 2523 ಸಿಸಿ ಡಿಐ ಬಂತು. ಅಂಬಾಸಿಡರಿನ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಬಿಎಂಸಿ ಕಡೆಯದು. ಇವೆಲ್ಲ ಕಬ್ಬಿಣದ ಬ್ಲಾಕಿನ, ಕಂಪ್ಯೂಟರ್ ಇಲ್ಲದ ಕಾಲದ ಯಂತ್ರಗಳು. ಪಾನಾ, ಗೇಜ್, ತಾಳ್ಮೆ ಇದ್ದರೆ ಪೂರ್ತಿ ಬಿಚ್ಚಿ ಪೂರ್ತಿ ಜೋಡಿಸಬಹುದಾದಂಥವು. ನಮ್ಮೂರ ಮಿಸ್ತ್ರಿಗಳ ವಿದ್ಯೆ ಬೆಳೆದದ್ದೇ ಇವುಗಳ ಮೇಲೆ.

ಪೆಟ್ಟಿಗೆಯಲ್ಲಿ ಬರುವ ಎಂಜಿನ್

ಸಿದ್ಧ ಎಂಜಿನ್ ತಂದು ಕೂಡಿಸುವ ಆಯ್ಕೆಗೆ ಅಮೆರಿಕದಲ್ಲಿ ದೊಡ್ಡ ಮಾರುಕಟ್ಟೆಯೇ ಇದೆ. ಕಾರ್ಖಾನೆಯಲ್ಲಿ ಪೂರ್ತಿ ಜೋಡಿಸಿ, ಮರದ ಪೆಟ್ಟಿಗೆಯಲ್ಲಿಟ್ಟು, ವಾರಂಟಿ ಸಮೇತ ಕಳಿಸುವ ಎಂಜಿನ್ನನ್ನು ಅವರು ಕ್ರೇಟ್ ಎಂಜಿನ್ ಎನ್ನುತ್ತಾರೆ. 1955ರಲ್ಲಿ ಹುಟ್ಟಿದ ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ಸಂತತಿ ಈ ವ್ಯಾಪಾರದ ಬೆನ್ನೆಲುಬು. 6.2 ಲೀಟರಿನ ಎಲ್‌ಎಸ್3 ಎಂಜಿನ್ ಪೆಟ್ಟಿಗೆಯಿಂದ ಹೊರಬರುವಾಗಲೇ 430 ಅಶ್ವಶಕ್ತಿ ಕೊಡುತ್ತದೆ. 2021ರಲ್ಲಿ ಅದೇ ಷೆವ್ರೊಲೆ 10 ಲೀಟರಿಗೂ ದೊಡ್ಡದಾದ, 1004 ಅಶ್ವಶಕ್ತಿಯ ಜಡ್‌ಜಡ್632 ಎಂಬ ಕ್ರೇಟ್ ಎಂಜಿನ್ ಹೊರತಂದಿತು. ಅದರ ಎದುರಿಗೆ ಅಲ್ಲಿನ ಎಂಜಿನ್ ಕಟ್ಟುವವರಿದ್ದಾರೆ. ಪಿಸ್ಟನ್, ಕ್ಯಾಮ್, ಕಂಪ್ರೆಷನ್ ಎಲ್ಲವನ್ನೂ ಗಿರಾಕಿಯ ಗಾಡಿ ಮತ್ತು ಓಟಕ್ಕೆ ತಕ್ಕಂತೆ ಒಂದೊಂದಾಗಿ ಆರಿಸಿ ಕೂಡಿಸುತ್ತಾರೆ. ಪೆಟ್ಟಿಗೆಯ ಎಂಜಿನ್ನಿನ ಬೆಲೆ ಮೊದಲೇ ತಿಳಿದಿರುತ್ತದೆ, ಶಕ್ತಿ ತಿಳಿದಿರುತ್ತದೆ, ಕೆಟ್ಟರೆ ಯಾರನ್ನು ಕೇಳಬೇಕು ಎಂಬುದೂ ತಿಳಿದಿರುತ್ತದೆ. ಕಟ್ಟಿಸಿದ ಎಂಜಿನ್ನಿನ ಬೆಲೆ ಕಟ್ಟುತ್ತಾ ಹೋದಂತೆ ಬೆಳೆಯುತ್ತದೆ, ಆದರೆ ಅದು ನಿಮ್ಮ ಕೆಲಸಕ್ಕೇ ಹೊಂದುತ್ತದೆ.

ನಮ್ಮ ಮೂರು ಊರುಗಳಲ್ಲಿ ಪೆಟ್ಟಿಗೆಯ ಎಂಜಿನ್ ಮೂರು ವೇಷದಲ್ಲಿ ಬರುತ್ತದೆ. ಒಂದು, ಕಂಪನಿಯಿಂದ ಬರುವ ಹೊಸ ಹಾಫ್ ಎಂಜಿನ್. ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಕೂಡಿಯೇ ಬರುತ್ತವೆ, ಹೆಡ್, ಪಂಪ್, ಡೈನಮೊ ಮುಂತಾದ ಹೊರಗಿನ ಸಾಮಾನು ನಿಮ್ಮ ಹಳೆಯದರಿಂದ. ಎರಡು, ಕಂಪನಿಯೇ ರೀಕಂಡಿಷನ್ ಮಾಡಿ ಹಳೆಯದಕ್ಕೆ ಬದಲಾಗಿ ಕೊಡುವ ಎಂಜಿನ್. ಟಾಟಾ ಮೋಟಾರ್ಸ್‌ನ ಪ್ರೋಲೈಫ್ ಇಂಥದ್ದು. ಮೂರು, ಗುಜರಿಯಿಂದ ಬರುವ ರನ್ನಿಂಗ್ ಎಂಜಿನ್. ಅಪಘಾತದಲ್ಲಿ ಜಖಂ ಆದ ಗಾಡಿಯಿಂದ ಬಿಚ್ಚಿ, ಬೆಂಗಳೂರಿನ ಶಿವಾಜಿನಗರ, ಮುಂಬಯಿಯ ಕುರ್ಲಾದಂಥ ಮಾರುಕಟ್ಟೆಗಳಿಂದ ಲಾರಿ ಹತ್ತಿ ಬರುತ್ತದೆ. ಸ್ವಿಫ್ಟ್, ಡಿಜೈರ್, ಎರ್ಟಿಗಾ, ಟಾಟಾ ವಿಸ್ತಾ, ಫಿಯೆಟ್ ಪುಂಟೊ ಎಲ್ಲಕ್ಕೂ ಒಂದೇ ಮೂಲದ 1248 ಸಿಸಿ ಡೀಸೆಲ್ ಎಂಜಿನ್ ಇದ್ದುದರಿಂದ ಅದರ ಹಳೆಯ ಎಂಜಿನ್ನುಗಳು ಸುಲಭವಾಗಿ ಸಿಗುತ್ತವೆ. ಕಣ್ಣಿಗೆ ಚೊಕ್ಕಟ ಕಾಣುವ, ಮುಟ್ಟಿದರೆ ಚಾಲೂ ಆಗುವ ಈ ಗುಜರಿ ಎಂಜಿನ್ನೇ ನಮ್ಮ ಕಡೆಯ ಬಡವರ ಕ್ರೇಟ್ ಎಂಜಿನ್. ಅಪಾಯ ಹೆಚ್ಚಿರುವುದೂ ಅದರಲ್ಲೇ. ಎಷ್ಟು ಓಡಿದೆ, ಎಲ್ಲಿ ಓಡಿದೆ, ಆಯಿಲ್ ಬದಲಿಸಿದ್ದರೋ ಇಲ್ಲವೋ ಎಂದು ಹೇಳಲು ಯಾರೂ ಇರುವುದಿಲ್ಲ.

ರೋಣ: ಎರೆ ಮಣ್ಣು ಮತ್ತು ಬೋರ್ ಗೇಜು

ನರಗುಂದದಿಂದ ರೋಣದ ಕಡೆ ಹೊರಟರೆ ಎರಡೂ ಬದಿಗೆ ಎರೆ ಹೊಲ. ಹೆಸರು, ಗೋವಿನಜೋಳ, ಹತ್ತಿ, ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ. ಮಳೆಗಾಲದಲ್ಲಿ ಗಾಲಿಗೆ ಅಂಟಿ ಬಿಡದ ಈ ಮಣ್ಣು ಬೇಸಿಗೆಯಲ್ಲಿ ಹಿಟ್ಟಾಗಿ ಏಳುತ್ತದೆ. ಎಂಜಿನ್ ಆಯುಷ್ಯದ ಪ್ರಶ್ನೆಗೆ ರೋಣ ತಾಲೂಕು ಕೊಡುವ ಮೊದಲ ಉತ್ತರ ಈ ಧೂಳು. ಏರ್ ಕ್ಲೀನರ್ ದಾಟಿ ಒಳಹೊಕ್ಕ ಧೂಳಿನ ಕಣ ಆಯಿಲ್ ಜೊತೆ ಕೂಡಿ ಸಿಲಿಂಡರಿನ ಗೋಡೆಯನ್ನು ತಿಕ್ಕುತ್ತದೆ. ಹಳೆಯ ಗಾಡಿಗಳ ಆಯಿಲ್ ಬಟ್ಟಲಿನ ಏರ್ ಕ್ಲೀನರನ್ನು ಕಾಲಕಾಲಕ್ಕೆ ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಗುರುತಿನ ತನಕ ಹೊಸ ಆಯಿಲ್ ಹಾಕಿದ ಗಾಡಿ ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ. ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಸೀಳಿದ್ದರೆ ಹೊಸ ಎಂಜಿನ್ ಹಾಕಿದರೂ ಗತಿ ಅದೇ. ಹಳೆಯ ಎಂಜಿನ್ನನ್ನು ಕೊಂದ ಕಾರಣ ಹುಡುಕದೆ ಹೊಸದನ್ನು ಕೂಡಿಸುವುದು ದುಡ್ಡನ್ನು ಎರೆಯ ಬಿರುಕಿಗೆ ಸುರಿದಂತೆ.

ರೋಣ ಪೇಟೆಯಲ್ಲಿ ಗ್ಯಾರೇಜಿನ ಕೆಲಸ, ಲೇಥ್ ಅಂಗಡಿಯ ಕೆಲಸ ಬೇರೆ ಬೇರೆ. ಮಿಸ್ತ್ರಿ ಎಂಜಿನ್ ಇಳಿಸಿ ಬಿಚ್ಚುತ್ತಾನೆ. ಬ್ಲಾಕು, ಕ್ರ್ಯಾಂಕು ಟೆಂಪೊ ಏರಿ ಬೋರಿಂಗ್ ಮಾಡುವವರ ಕಡೆ ಹೋಗುತ್ತವೆ. ಸಣ್ಣ ಕೆಲಸ ಊರಲ್ಲೇ ಆಗುತ್ತದೆ. ಕ್ರ್ಯಾಂಕ್ ಗ್ರೈಂಡಿಂಗ್, ಪಂಪ್ ಕ್ಯಾಲಿಬ್ರೇಷನ್‌ನಂಥ ಕೆಲಸಕ್ಕೆ ಗದಗ, ಹುಬ್ಬಳ್ಳಿ ಕಡೆ ಮುಖ ಮಾಡಬೇಕಾಗುತ್ತದೆ. "ಬಿಚ್ಚಿ ಅಳತಿ ತಗದ ಮ್ಯಾಗ ಖರ್ಚ ಹೇಳ್ತೀನ್ರಿ, ಈಗ ಹೇಳಿದ್ರ ಸುಳ್ಳ ಹೇಳಿದಂಗ ಆಕ್ಕೈತಿ" ಎನ್ನುವ ಮಿಸ್ತ್ರಿ ಸಿಕ್ಕರೆ ಅವನನ್ನು ನಂಬಬಹುದು. ಬಿಚ್ಚುವ ಮುಂಚೆಯೇ ಖರ್ಚಿನ ಗ್ಯಾರಂಟಿ ಕೊಡುವವನ ಬಳಿ ಗುತ್ತಿಗೆ ಇರುತ್ತದೆ, ಅಳತೆ ಇರುವುದಿಲ್ಲ.

ಅಳತೆ ಹೇಗೆ ನಡೆಯುತ್ತದೆ ಎಂಬುದನ್ನು ಗಾಡಿಯ ಮಾಲೀಕ ನಿಂತು ನೋಡಬೇಕು. ಬೋರ್ ಗೇಜನ್ನು ಸಿಲಿಂಡರಿನೊಳಗೆ ಇಳಿಸಿ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆಯೂ ಉದ್ದಕ್ಕೆ ಮತ್ತು ಅಡ್ಡಕ್ಕೆ ಅಳೆಯುತ್ತಾರೆ. ಸಿಲಿಂಡರ್ ಎಲ್ಲಾ ಕಡೆ ಒಂದೇ ಸಮ ಸವೆಯುವುದಿಲ್ಲ. ಮೇಲಿನ ರಿಂಗ್ ತಿರುಗಿ ಇಳಿಯುವ ಜಾಗದಲ್ಲಿ ಬೆಂಕಿಯೂ ಹೆಚ್ಚು, ಆಯಿಲ್ ಕಡಿಮೆ, ಹಾಗಾಗಿ ಸವಕಳಿ ಅಲ್ಲಿ ಹೆಚ್ಚು. ಮೇಲೆ ಅಗಲ, ಕೆಳಗೆ ಕಿರಿದಾದರೆ ಅದು ಟೇಪರ್. ಒಂದು ದಿಕ್ಕಿಗೆ ಅಗಲವಾಗಿ ಮೊಟ್ಟೆಯಾಕಾರಕ್ಕೆ ತಿರುಗಿದರೆ ಓವಲ್. ಲೇಥಿನವರು ಇದನ್ನು ಥೌ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ, ಮಿಲಿಮೀಟರಿನಲ್ಲಿ 0.0254. ಇಂಥ ಕೆಲವೇ ಥೌ ಹೆಚ್ಚಾದರೆ ಒಂದು ಎಂಜಿನ್ ಆಯಿಲ್ ಕುಡಿಯಲು ಶುರು ಮಾಡುತ್ತದೆ.

ಸವಕಳಿ ಮಿತಿಯೊಳಗೆ ಇದ್ದರೆ ರಿಂಗ್ ಬದಲಿಸಿ, ಹೋನಿಂಗ್ ಮಾಡಿದರೆ ಸಾಕು. ಮಿತಿ ಮೀರಿದ್ದರೆ ಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಅನೇಕ ಎಂಜಿನ್ನುಗಳಿಗೆ 0.25, 0.50, 0.75, 1.00 ಮಿಲಿಮೀಟರ್ ಹೀಗೆ ಹಂತಹಂತವಾಗಿ ದೊಡ್ಡ ಪಿಸ್ಟನ್ ಸಿಗುತ್ತವೆ. ಕೊನೆಯ ಹಂತ ದಾಟಿದರೆ ಸ್ಲೀವ್ ಒತ್ತಿ ಮತ್ತೆ ಮೂಲ ಅಳತೆಗೆ ತರಬಹುದು. ಬೋರ್ ಮಾಡಿದರೆ ಶಕ್ತಿ ಬಹಳ ಹೆಚ್ಚುತ್ತದೆ ಎಂಬ ನಂಬಿಕೆ ಇದೆ, ಲೆಕ್ಕ ಹಾಕಿ ನೋಡಿ. ಓಎಂ616 ಎಂಜಿನ್ನಿನ ಬೋರ್ 90.9 ಮಿಲಿಮೀಟರ್, ಸ್ಟ್ರೋಕ್ 92.4. ಇಡೀ ಒಂದು ಮಿಲಿಮೀಟರ್ ಬೋರ್ ಹೆಚ್ಚಿಸಿದರೂ 2399 ಸಿಸಿ ಸುಮಾರು 2452 ಆಗುತ್ತದೆ, ಅಷ್ಟೇ. ಕಟ್ಟಿಸಿದ ಎಂಜಿನ್ ಮೊದಲಿಗಿಂತ ಚೆನ್ನಾಗಿ ಎಳೆದರೆ ಆ ಶ್ರೇಯಸ್ಸು ಸರಿಯಾಗಿ ಕೂತ ರಿಂಗಿಗೆ, ಸೋರದ ವಾಲ್ವಿಗೆ, ಹದವಾದ ನಾಜಲಿಗೆ ಸೇರಬೇಕು.

ಹೋನಿಂಗ್ ಆದ ಮೇಲೆ ಸಿಲಿಂಡರಿನ ಗೋಡೆಯಲ್ಲಿ ಅಡ್ಡಡ್ಡ ಕೊಯ್ದ ಸಣ್ಣ ಗೀರುಗಳು ಕಾಣುತ್ತವೆ. ಆಯಿಲ್ ನಿಲ್ಲುವುದು ಆ ಗೀರುಗಳಲ್ಲಿ. ನುಣ್ಣಗೆ ಕನ್ನಡಿಯಾಗಿ ಹೊಳೆಯುವ ಸಿಲಿಂಡರ್ ಒಳ್ಳೆಯ ಲಕ್ಷಣವಲ್ಲ. ಬ್ಲಾಕನ್ನು ಆಮೇಲೆ ಸೋಪು ನೀರಿನಲ್ಲಿ ಬ್ರಷ್ ಹಾಕಿ ತೊಳೆಯಬೇಕು. ಹೋನಿಂಗ್ ಕಲ್ಲಿನ ಪುಡಿ ಉಳಿದರೆ ಅದೇ ಹೊಸ ರಿಂಗನ್ನು ತಿನ್ನುತ್ತದೆ. ಕ್ರ್ಯಾಂಕಿಗೂ ಇದೇ ಶಿಸ್ತು ಬೇಕು. ಜರ್ನಲ್ ಸವೆದಿದ್ದರೆ ಗ್ರೈಂಡ್ ಮಾಡಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಹೆಡ್ ಬಾಗಿದ್ದರೆ ಫೇಸಿಂಗ್, ಬಿರುಕಿನ ಸಂಶಯವಿದ್ದರೆ ನೀರಿನ ಒತ್ತಡದ ಪರೀಕ್ಷೆ, ವಾಲ್ವ್ ಸೀಟ್ ಕಟಿಂಗ್, ಲ್ಯಾಪಿಂಗ್. ಕೊನೆಗೆ ಡೀಸೆಲ್ ಪಂಪು. ಎಲ್ಲರೂ ಇನ್ನೂ ಮೈಕೊ ಪಂಪ್ ಎಂದೇ ಕರೆಯುವ ಆ ಪಂಪಿನ ಕಂಪನಿ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 2008ರಿಂದ ಅದರ ಹೆಸರು ಬಾಷ್. ಎಂಜಿನ್ ಪೂರ್ತಿ ಹೊಸದಾಗಿ ಕಟ್ಟಿಸಿ, ಪಂಪು, ನಾಜಲ್ ಮಾತ್ರ ಹಾಗೇ ಬಿಟ್ಟರೆ ಮಾಡಿದ ಖರ್ಚಿನ ಅರ್ಧ ಫಲವೂ ಸಿಗುವುದಿಲ್ಲ.

ಲೇಥಿನ ಮುಂದೆ ನಿಂತಾಗ ನಮ್ಮ ಸೀಮೆಗೆ ಸೇರಿದ ಒಂದು ಹೆಮ್ಮೆಯನ್ನು ಹೇಳಲೇಬೇಕು. ಭಾರತದ ಯಂತ್ರೋದ್ಯಮಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ 1941ರಿಂದ ಹರಿಹರದಲ್ಲಿ ಲೇಥುಗಳನ್ನು ತಯಾರಿಸಿತು. ಬೆಳಗಾವಿಯ ಎರಕದ ಕಾರ್ಖಾನೆಗಳು, ಕೊಲ್ಹಾಪುರದ ಪಿಸ್ಟನ್ ತಯಾರಕರು, ಹುಬ್ಬಳ್ಳಿಯ ಯಂತ್ರದಂಗಡಿಗಳು ಎಲ್ಲವೂ ರೋಣದಿಂದ ಒಂದು ದಿನದ ದಾರಿಯೊಳಗೆ ಇವೆ. ಎಂಜಿನ್ ಬಿಚ್ಚಿ ಕಟ್ಟುವ ವಿದ್ಯೆ ಈ ನೆಲಕ್ಕೆ ಹೊರಗಿನದಲ್ಲ.

ಡಿಪೊ ಹೇಳುವ ಮೂರನೆಯ ದಾರಿ

ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಡಿಪೊಗಳಿವೆ. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ಶುರುವಾದ ಸಂಸ್ಥೆ ಇದು. ಬಸ್ಸಿನ ಎಂಜಿನ್ ಕೆಟ್ಟರೆ ಅದನ್ನು ಬಿಚ್ಚಿ ಜೋಡಿಸುವ ತನಕ ಬಸ್ಸನ್ನು ನಿಲ್ಲಿಸಿಕೊಂಡು ಕೂರಲು ಆಗುವುದಿಲ್ಲ, ಬೆಳಗಿನ ಟ್ರಿಪ್ಪಿಗೆ ಶಾಲೆಯ ಮಕ್ಕಳು ಕಾಯುತ್ತಿರುತ್ತಾರೆ. ಅದಕ್ಕೆ ಸಾರಿಗೆ ಸಂಸ್ಥೆಗಳು ಹಿಡಿದ ಪದ್ಧತಿ ಬೇರೆ. ಕಾರ್ಯಾಗಾರದಲ್ಲಿ ಮೊದಲೇ ರೀಕಂಡಿಷನ್ ಮಾಡಿಟ್ಟ ಎಂಜಿನ್ ತಂದು ಕೂಡಿಸುತ್ತಾರೆ, ಇಳಿಸಿದ್ದನ್ನು ಕಾರ್ಯಾಗಾರಕ್ಕೆ ಕಳಿಸುತ್ತಾರೆ. ಅಲ್ಲಿ ಅದು ನಿಧಾನವಾಗಿ, ಅಳತೆ ಪ್ರಕಾರ ಸಿದ್ಧವಾಗಿ ಮುಂದಿನ ಬಸ್ಸಿಗೆ ಕಾಯುತ್ತದೆ. ಕಟ್ಟಿದ ಎಂಜಿನ್ನೇ ಪೆಟ್ಟಿಗೆಯ ಎಂಜಿನ್ ಆಗುವ ಜಾಣ ವ್ಯವಸ್ಥೆ ಇದು. ನಾಲ್ಕಾರು ಕ್ರೂಸರ್ ಇಟ್ಟುಕೊಂಡ ಮಾಲೀಕರು ಕೂಡಿ ಒಂದೇ ಮಾದರಿಯ ಒಂದು ಎಂಜಿನ್ ಕಟ್ಟಿಸಿಟ್ಟುಕೊಂಡರೆ, ಲಗ್ನಸರಾಯಿ ಕಾಲದಲ್ಲಿ ಯಾವ ಗಾಡಿಯೂ ವಾರಗಟ್ಟಲೆ ಗ್ಯಾರೇಜಿನಲ್ಲಿ ಕೂರಬೇಕಾಗಿಲ್ಲ.

ಆರ್‌ಸಿ ಮೇಲಿನ ನಂಬರ್

ಕಾಗದದ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಎಂಜಿನ್ ನಂಬರ್ ಬ್ಲಾಕಿನ ಮೇಲೆ ಹೊಡೆದಿರುತ್ತದೆ. ಬೋರ್ ಮಾಡಿಸಿ, ಸ್ಲೀವ್ ಹಾಕಿಸಿ, ಕ್ರ್ಯಾಂಕ್ ಬದಲಿಸಿದರೂ ಬ್ಲಾಕ್ ಅದೇ, ನಂಬರ್ ಅದೇ, ಆರ್‌ಸಿ ಅದೇ. ಬ್ಲಾಕ್ ಬದಲಾದರೆ ನಂಬರ್ ಬದಲಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡು, ಎಂಜಿನ್ ಬದಲಾವಣೆ ಕುರಿತದ್ದು. ಮೊದಲೇ ಒಪ್ಪಿಗೆ ಪಡೆಯುವುದು ನಿಯಮ. ಒಪ್ಪಿಗೆ ಇಲ್ಲದೆ ಬದಲಾವಣೆ ಆಗಿಬಿಟ್ಟಿದ್ದರೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಕನಿಷ್ಠ ಹತ್ತು ಸಾರಿಗೆ ವಾಹನ ಇರುವ ಮಾಲೀಕರಿಗೆ ಅದೇ ಬಗೆಯ ಎಂಜಿನ್ ಬದಲಿಸಿಕೊಳ್ಳಲು ಸರ್ಕಾರ ಅನುಮತಿ ಕೊಡಬಹುದಾದ ಅವಕಾಶವೂ ಅದೇ ಕಲಮಿನಲ್ಲಿದೆ. ಒಂದೆರಡು ಗಾಡಿ ಇರುವವರಿಗೆ ಆ ಸೌಲಭ್ಯ ಇಲ್ಲ, ಗದಗದ ಆರ್‌ಟಿಒ ಕಚೇರಿಗೆ ಹೋಗಲೇಬೇಕು.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲ ಎಂದು ಹೇಳಿತು. ಹಾಗಾಗಿ ಜೀಪಿಗೆ ಬೇರೆ ಕಂಪನಿಯ, ಬೇರೆ ಇಂಧನದ ಎಂಜಿನ್ ಕೂಡಿಸಿ ಓಡಿಸುವ ಹಳೆಯ ರೂಢಿ ಇವತ್ತು ದೊಡ್ಡ ತೊಡಕು. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದೇ ಚಾಸಿ ನಂಬರ್, ಎಂಜಿನ್ ನಂಬರ್. ಆರ್‌ಸಿಯಲ್ಲಿ ಒಂದು, ಬ್ಲಾಕಿನಲ್ಲಿ ಇನ್ನೊಂದು ಇದ್ದರೆ ಪರಿಹಾರ ಕೇಳುವ ಮನೆಯವರ ಗತಿ ಏನಾಗಬೇಕು? ಗುಜರಿ ಎಂಜಿನ್ ಕೊಳ್ಳುವಾಗ ಬಿಲ್ಲು, ಅದು ಯಾವ ಗಾಡಿಯದು ಎಂಬ ಕಾಗದ, ಕಳವಿನ ಮಾಲಲ್ಲ ಎಂಬ ಖಾತ್ರಿ ಇಲ್ಲದೆ ಮುಟ್ಟಬಾರದು. ಎಷ್ಟೇ ಅಗ್ಗವಾಗಿದ್ದರೂ ನಂಬರ್ ತಿದ್ದಿದ ಬ್ಲಾಕ್ ಮನೆಯಂಗಳಕ್ಕೂ ಬರಕೂಡದು.

ಗಜೇಂದ್ರಗಡ: ಏರು ಹೇಳುವ ಸತ್ಯ

ರೋಣದಿಂದ ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡ ನೋಡಿಕೊಂಡು ಗಜೇಂದ್ರಗಡದ ಕಡೆ ಬಂದರೆ ಬಯಲು ಮುಗಿದು ಗುಡ್ಡಗಳ ಸಾಲು ಎದುರಾಗುತ್ತದೆ. ಮೇಲೆ ಕೋಟೆ, ಇನ್ನೊಂದು ಕಡೆ ಕಾಲಕಾಲೇಶ್ವರ, ಗುಡ್ಡದ ನೆತ್ತಿಗಳ ಮೇಲೆ ಗಾಳಿಯಂತ್ರಗಳು. 1785ರಲ್ಲಿ ನರಗುಂದಕ್ಕೆ ಟೀಪುವಿನ ಸೈನ್ಯ ಹಾಕಿದ ಮುತ್ತಿಗೆಯಿಂದ ಭುಗಿಲೆದ್ದ ಮರಾಠ–ಮೈಸೂರು ಯುದ್ಧ 1787ರಲ್ಲಿ ಮುಗಿದದ್ದು ಗಜೇಂದ್ರಗಡದ ಒಪ್ಪಂದದಲ್ಲಿ. ಅಂದಿನ ಸೈನ್ಯಗಳು ತುಳಿದ ಇದೇ ದಾರಿಯಲ್ಲಿ ಇಂದು ಗಾಳಿಯಂತ್ರದ ಬಿಡಿಭಾಗ ಹೊತ್ತ ಟ್ರೇಲರು, ಕುರಿ ತುಂಬಿದ ಪಿಕಪ್ಪು, ಗುಡಿಗೆ ಹೊರಟ ಕ್ರೂಸರು ಓಡುತ್ತವೆ.

ಗಜೇಂದ್ರಗಡದ ಮಿಸ್ತ್ರಿಗಳಿಗೆ ಎಂಜಿನ್ ಪರೀಕ್ಷೆಗೆ ಗುಡ್ಡ ಹತ್ತಿರದಲ್ಲೇ ಇದೆ. ಬಯಲಿನಲ್ಲಿ ಸರಿಯಾಗಿ ಓಡುವ ಎಂಜಿನ್ ಏರಿನಲ್ಲಿ, ಹೊರೆಯೊಂದಿಗೆ, ಮೂರನೆಯ ಗೇರಿನಲ್ಲಿ ಹೇಗೆ ಎಳೆಯುತ್ತದೆ, ನೀರು ಕಾಯುತ್ತದೆಯೇ, ಆಯಿಲ್ ಪ್ರೆಷರ್ ಇಳಿಯುತ್ತದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಗುಜರಿ ಎಂಜಿನ್ ಕೂಡಿಸಿಕೊಂಡವರು ಈ ಪರೀಕ್ಷೆ ಮುಗಿಯುವ ತನಕ ಪೂರ್ತಿ ಹಣ ಕೊಡಬಾರದು. ಹೊಸದಾಗಿ ಕಟ್ಟಿಸಿದ ಎಂಜಿನ್ನನ್ನು ಮಾತ್ರ ಮೊದಲ ದಿನವೇ ಏರಿಗೆ ಎಬ್ಬಿಸಬಾರದು. ಹೊಸ ರಿಂಗ್ ಸಿಲಿಂಡರಿಗೆ ಕೂರುವ ಕಾಲ ಅದು. ವೇಗ ಬದಲಿಸುತ್ತಾ, ಹಗುರ ಹೊರೆಯಲ್ಲಿ ಓಡಿಸಬೇಕು. ಒಂದೇ ಸಮ ಐಡಲಿನಲ್ಲಿ ಬಿಟ್ಟು ನಿಲ್ಲಿಸುವುದೂ ತಪ್ಪು, ರೇಸ್ ಒತ್ತುವುದೂ ತಪ್ಪು. ಮೊದಲ ಕೆಲವು ನೂರು ಕಿಲೋಮೀಟರಿನಲ್ಲೇ ಆಯಿಲ್, ಫಿಲ್ಟರ್ ಬದಲಿಸಿ, ಟ್ಯಾಪೆಟ್ ಮತ್ತೆ ನೋಡಿಸಬೇಕು. ಕಟ್ಟಿಸಿದ ಎಂಜಿನ್ ಬೇಗ ಹೋಯಿತು ಎಂಬ ದೂರುಗಳ ಹಿಂದೆ ಈ ಅವಸರ ಬಹಳ ಸಲ ಇರುತ್ತದೆ.

ಹೊಸ ಕಾಲದ ಗಾಡಿಗಳು ಪ್ರಶ್ನೆಯನ್ನು ಬೇರೆ ಮಾಡಿವೆ. 2020ರ ಏಪ್ರಿಲ್ 1ರಿಂದ ಬಿಎಸ್6 ಜಾರಿಯಾದ ಮೇಲೆ ಡೀಸೆಲ್ ಎಂಜಿನ್ ಎಂದರೆ ಕಬ್ಬಿಣದಷ್ಟೇ ಸೆನ್ಸರು, ಇಸಿಯು, ಕಣ ಹಿಡಿಯುವ ಫಿಲ್ಟರ್ ಕೂಡ. ಇಂಜೆಕ್ಟರ್ ಬದಲಿಸಿದರೆ ಅದರ ಕೋಡನ್ನು ಕಂಪ್ಯೂಟರಿಗೆ ಹೇಳಿಕೊಡಬೇಕು. ಬ್ಲಾಕ್ ಸರಿಯಾಗಿ ಬೋರ್ ಮಾಡಿದರೂ ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಆ ಎಂಜಿನ್ ಎಚ್ಚರಗೊಳ್ಳುವುದಿಲ್ಲ. ಇಂಥ ಗಾಡಿಗೆ ಕಂಪನಿಯ ಹೊಸ ಅಥವಾ ರೀಕಂಡಿಷನ್ ಎಂಜಿನ್, ವಾರಂಟಿ ಕಾಗದದ ಸಮೇತ, ಹೆಚ್ಚು ಸುರಕ್ಷಿತ. ಇದನ್ನು ಒಪ್ಪಿಕೊಂಡರೆ ನಮ್ಮ ಮಿಸ್ತ್ರಿಗಳ ಮರ್ಯಾದೆ ಕುಂದುವುದಿಲ್ಲ. ಸ್ಕ್ಯಾನರ್ ಕೊಳ್ಳಲು ಸಾಲ, ಕಲಿಯಲು ತರಬೇತಿ ಅವರಿಗೆ ಸಿಗಬೇಕು ಎಂದು ಜೋರಾಗಿ ಕೇಳಲು ಇದೇ ಕಾರಣ ಸಾಕು.

ಹಾಗಾದರೆ ಯಾವುದು?

ಮೂರೂರು ಸುತ್ತಿದ ಮೇಲೆ ನನ್ನ ಉತ್ತರ ಸ್ಪಷ್ಟ: ಮೊದಲು ಅಳತೆ, ಆಮೇಲೆ ಆಯ್ಕೆ. ಹಳೆಯ ಮಾದರಿಯ ಗಾಡಿ, ಬ್ಲಾಕಿನಲ್ಲಿ ಬಿರುಕಿಲ್ಲ, ಇನ್ನೂ ಓವರ್‌ಸೈಜಿಗೆ ಅಥವಾ ಸ್ಲೀವಿಗೆ ಜಾಗವಿದೆ, ಬಿಡಿಭಾಗ ಹುಬ್ಬಳ್ಳಿಯಲ್ಲಿ ಸಿಗುತ್ತದೆ, ಕಟ್ಟಿದವನ ಗ್ಯಾರೇಜು ಊರಲ್ಲೇ ಇದೆ ಎಂದಾದರೆ ಕಟ್ಟಿಸಿ. ನಂಬರ್ ಬದಲಾಗುವುದಿಲ್ಲ, ದುಡ್ಡು ಊರಲ್ಲೇ ಉಳಿಯುತ್ತದೆ, ತೊಂದರೆ ಬಂದ ರಾತ್ರಿ ಫೋನ್ ಎತ್ತುವವನು ಇರುತ್ತಾನೆ. ಬ್ಲಾಕಿನಿಂದ ರಾಡ್ ಹೊರಬಂದಿದ್ದರೆ, ಬ್ಲಾಕ್ ಒಡೆದಿದ್ದರೆ, ಗಾಡಿ ಹೊಸ ಕಾಲದ ಎಲೆಕ್ಟ್ರಾನಿಕ್ ಎಂಜಿನ್ನಿನದಾಗಿದ್ದರೆ ಅಥವಾ ಒಂದು ದಿನ ನಿಂತರೂ ಬಾಡಿಗೆ ಕೈತಪ್ಪುವಂತಿದ್ದರೆ ಕಂಪನಿಯ ಸಿದ್ಧ ಎಂಜಿನ್ ತನ್ನಿ, ಆರ್‌ಟಿಒ ಕೆಲಸ ಮೊದಲು ಮುಗಿಸಿ. ಗುಜರಿ ಎಂಜಿನ್ ಬೇಕೇ ಬೇಕಾದರೆ ಹೆಡ್ ಬಿಚ್ಚಿ ಅಳೆಯಲು ಒಪ್ಪುವ ವ್ಯಾಪಾರಿಯ ಬಳಿ ಮಾತ್ರ ಕೊಳ್ಳಿ.

ಒಂದು ರೂಢಿಯನ್ನು ಈ ಭಾಗದ ಗಾಡಿ ಮಾಲೀಕರೆಲ್ಲ ಶುರು ಮಾಡಬೇಕು. ಎಂಜಿನ್ ಕೆಲಸ ಮುಗಿದ ದಿನ ಒಂದು ಹಾಳೆಯ ಮೇಲೆ ನಾಲ್ಕೂ ಸಿಲಿಂಡರಿನ ಅಳತೆ, ಹಾಕಿದ ಪಿಸ್ಟನ್ ಸೈಜು, ಕ್ರ್ಯಾಂಕಿನ ಬೇರಿಂಗ್ ಸೈಜು, ತಾರೀಖು, ಮೀಟರ್ ಬರೆಸಿ, ಮಿಸ್ತ್ರಿಯ ಸಹಿ ಪಡೆದು ಆರ್‌ಸಿ ಜೊತೆ ಇಡಿ. ಮುಂದೆ ಗಾಡಿ ಮಾರುವಾಗ ಆ ಹಾಳೆಗೆ ಬೆಲೆ ಬರುತ್ತದೆ, ಮತ್ತೆ ಕೆಲಸಕ್ಕೆ ಬಂದಾಗ ಎಲ್ಲಿಂದ ಶುರು ಮಾಡಬೇಕೆಂಬುದು ಗೊತ್ತಿರುತ್ತದೆ. ಮಿಸ್ತ್ರಿಗೂ ಅದು ತನ್ನ ಕೈಕೆಲಸದ ಸಾಕ್ಷಿ. ಕಾರ್ಖಾನೆಯ ಪೆಟ್ಟಿಗೆಯೊಳಗೆ ವಾರಂಟಿ ಕಾಗದ ಬರುವುದಾದರೆ ನರಗುಂದ, ರೋಣ, ಗಜೇಂದ್ರಗಡದ ಕಟ್ಟುವವರೂ ತಮ್ಮ ಕೆಲಸಕ್ಕೆ ಕಾಗದ ಕೊಡಬಲ್ಲರು. ಕೇಳುವ ಗಿರಾಕಿ ಬೇಕು, ಅಷ್ಟೇ.